ಜೈಲಿಗೆ ಕಳಿಸಲಾಗದವನನ್ನು ದೇಶದಾಚೆ ಕಳಿಸಿದ ಬಗೆ: ಎರ್ನ್‌ಸ್ಟ್ ಜುಂಡೆಲ್‌ಗೆ ಪೌರತ್ವ ಸಿಗದ ಪ್ರಕರಣ

2005ರ ಮಾರ್ಚ್ 1ರಂದು ಕೆನಡಾ ಸರ್ಕಾರ ಎರ್ನ್‌ಸ್ಟ್ ಜುಂಡೆಲ್ ಎಂಬ, ಯಹೂದಿಗಳ ನರಮೇಧ ನಡೆದೇ ಇಲ್ಲವೆಂದು ಪ್ರಚಾರ ಮಾಡುತ್ತಿದ್ದ 65 ವರ್ಷದ ವ್ಯಕ್ತಿಯನ್ನು ವಿಮಾನ ಹತ್ತಿಸಿ ಜರ್ಮನಿಗೆ ಗಡಿಪಾರು ಮಾಡಿತು. ಅಲ್ಲಿ ಇಳಿದ ಕೂಡಲೇ ಪೊಲೀಸರು ಅವನನ್ನು ಬಂಧಿಸಿದರು. ಜರ್ಮನಿ ಅವನು ಹುಟ್ಟಿದ ದೇಶ, ನಿಜ. ಆದರೆ 1958ರಲ್ಲಿ, 19ನೇ ವಯಸ್ಸಿಗೆ, ಅದನ್ನು ಬಿಟ್ಟು ಕೆನಡಾ ಸೇರಿದವನು ಮುಂದಿನ 42 ವರ್ಷ ಅಲ್ಲೇ ಬದುಕಿದ್ದ. ಅಲ್ಲೇ ಸಂಸಾರ, ಅಲ್ಲೇ ಕಸುಬು, ಅಲ್ಲೇ ಮನೆ. ಪೌರತ್ವ ಮಾತ್ರ ಸಿಗಲಿಲ್ಲ. ಎರಡು ಸಲ ಅರ್ಜಿ ಹಾಕಿದ, ಎರಡು ಸಲವೂ ದಕ್ಕಲಿಲ್ಲ.

ಇದಕ್ಕೆ 13 ವರ್ಷ ಮೊದಲು, 1992ರಲ್ಲಿ, ಇದೇ ಜುಂಡೆಲ್‌ನನ್ನು ಅವನು ಹಂಚಿದ ಬರಹಕ್ಕಾಗಿ ಜೈಲಿಗೆ ಹಾಕುವುದು ಸಂವಿಧಾನಕ್ಕೆ ವಿರುದ್ಧ ಎಂದು ಕೆನಡಾದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಬರೆದದ್ದಕ್ಕೆ ಜೈಲಿಗೆ ಕಳಿಸುವಂತಿಲ್ಲ, ಆದರೆ ದೇಶದಿಂದಲೇ ಕಳಿಸಬಹುದು. ಇದು ಹೇಗೆ ಸಾಧ್ಯವಾಯಿತು?

‘ದ್ವೇಷ ಹರಡುತ್ತಿದ್ದ, ಅದಕ್ಕೆ ಪೌರತ್ವ ಕೊಡಲಿಲ್ಲ’ ಎಂದು ಈ ಪ್ರಕರಣವನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವವರೇ ಹೆಚ್ಚು. ಕಾನೂನಿನಲ್ಲಿ ಇದ್ದದ್ದು ಹಾಗಲ್ಲ. ದ್ವೇಷ ಹರಡುವುದು ಪೌರತ್ವ ನಿರಾಕರಿಸಲು ಸಾಕಾಗುವ ಕಾರಣವಾಗಿರಲೇ ಇಲ್ಲ. ಅವನ ಮಾತಿಗೂ ಇನ್ಯಾರದೋ ಕೈಯ ಹಿಂಸೆಗೂ ನಂಟಿದೆ ಎಂದು ಸರ್ಕಾರ ತೋರಿಸಬೇಕಿತ್ತು. ಆ ನಂಟನ್ನು ಯಾರು, ಎಲ್ಲಿ ಕುಳಿತು, ಯಾರ ಎದುರು ಪರೀಕ್ಷಿಸಿದರು ಎಂಬುದೇ ಈ ಪ್ರಕರಣದ ತಿರುಳು. ನನ್ನ ಅಭಿಪ್ರಾಯವನ್ನು ಈಗಲೇ ಹೇಳಿಬಿಡುತ್ತೇನೆ: ಜುಂಡೆಲ್‌ಗೆ ಪೌರತ್ವ ಕೊಡದೆ ಇದ್ದದ್ದು ಸರಿ. ಕೊನೆಗೆ ಅವನನ್ನು ಹೊರಹಾಕಿದ ವಿಧಾನ ಸರಿಯಲ್ಲ.

ಜುಂಡೆಲ್ ಹುಟ್ಟಿದ್ದು 1939ರಲ್ಲಿ, ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಸೀಮೆಯ ಕಾಲ್ಮ್‌ಬಾಖ್ ಎಂಬ ಊರಿನಲ್ಲಿ. ಕಡ್ಡಾಯ ಸೇನಾ ಸೇವೆ ತಪ್ಪಿಸಿಕೊಳ್ಳಲು ಕೆನಡಾಕ್ಕೆ ಬಂದ. ಕಸುಬು ಗ್ರಾಫಿಕ್ ಕಲೆ, ಫೋಟೊ ತಿದ್ದುವುದು. ಕೆಲಸದಲ್ಲಿ ಕೈ ಪಳಗಿತ್ತು; ದೊಡ್ಡ ಪತ್ರಿಕೆಗಳ ಮುಖಪುಟಕ್ಕೂ ಚಿತ್ರ ಮಾಡಿಕೊಡುತ್ತಿದ್ದ. ಮಾಂಟ್ರಿಯಲ್‌ನಲ್ಲಿ ಆದ್ರಿಯಾಂ ಆರ್ಕಾನ್ ಎಂಬ ಹಳೆಯ ಫ್ಯಾಸಿಸ್ಟ್ ನಾಯಕನ ಸಹವಾಸ ಸಿಕ್ಕಿತು. ಆಮೇಲೆ ಟೊರೊಂಟೊಗೆ ಬಂದು, ಕಾರ್ಲ್‌ಟನ್ ಸ್ಟ್ರೀಟಿನ ಮನೆಯಿಂದಲೇ ‘ಸಮಿಜ್ದಾತ್’ ಎಂಬ ಪ್ರಕಾಶನ ನಡೆಸಿದ. ಹಿಟ್ಲರ್‌ನನ್ನು ಹೊಗಳುವ, ಯಹೂದಿಗಳ ನರಮೇಧ ನಡೆದೇ ಇಲ್ಲವೆನ್ನುವ ಪುಸ್ತಕ, ಕರಪತ್ರ, ಕ್ಯಾಸೆಟ್ಟುಗಳು ಅಲ್ಲಿಂದ ಊರೂರಿಗೆ, ಹೊರದೇಶಗಳಿಗೆ ಹೋಗುತ್ತಿದ್ದವು. ಪಶ್ಚಿಮ ಜರ್ಮನಿಗೆ ಅಂಚೆಯಲ್ಲಿ ಬರುತ್ತಿದ್ದ ನಾಜಿ ಪರ ಸಾಹಿತ್ಯದ ದೊಡ್ಡ ಮೂಲಗಳಲ್ಲಿ ಈ ಮನೆಯೂ ಒಂದಾಗಿತ್ತು.

ಎರಡನೇ ಮಹಾಯುದ್ಧದ ವೇಳೆ ನಾಜಿ ಜರ್ಮನಿ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದಿತು. ಕೊಂದವರೇ ಇಟ್ಟ ದಾಖಲೆಗಳಿವೆ, ಶಿಬಿರಗಳ ಅವಶೇಷಗಳಿವೆ, ನ್ಯೂರೆಂಬರ್ಗ್ ವಿಚಾರಣೆಯ ಸಾಕ್ಷ್ಯಗಳಿವೆ, ಬದುಕಿ ಬಂದವರ ಬಾಯಿಮಾತಿದೆ. ಹಾಗೆ ಬದುಕಿ ಬಂದವರಲ್ಲಿ ಸಾವಿರಾರು ಮಂದಿ ನೆಲೆ ಕಂಡುಕೊಂಡದ್ದು ಟೊರೊಂಟೊ, ಮಾಂಟ್ರಿಯಲ್‌ಗಳಲ್ಲೇ. ತಾಯಿಯನ್ನೋ ತಮ್ಮನನ್ನೋ ಆಶ್‌ವಿಟ್ಜ್‌ನಲ್ಲಿ ಕಳೆದುಕೊಂಡವರ ನೆರೆಯಲ್ಲೇ ಒಬ್ಬ ಕುಳಿತು ‘ಅದೆಲ್ಲ ಕಟ್ಟುಕತೆ’ ಎಂದು ಅಚ್ಚು ಹಾಕಿಸುತ್ತಿದ್ದ. ಇದನ್ನು ಬರೀ ‘ಅಭಿಪ್ರಾಯಭೇದ’ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಅವನ ವಿರುದ್ಧ ಮೊದಲು ದೂರು ಕೊಟ್ಟವರೂ ಹಾಗೆ ಬದುಕುಳಿದ ಒಬ್ಬ ಮಹಿಳೆಯೇ: ಸಬೀನಾ ಸಿಟ್ರನ್. ದ್ವೇಷ ಪ್ರಚಾರವನ್ನು ಅಪರಾಧವೆನ್ನುವ ಬೇರೆ ಕಲಮು ಕೆನಡಾದಲ್ಲಿ ಇತ್ತು, ಆದರೆ ಅದರಡಿ ಮೊಕದ್ದಮೆ ಹೂಡಲು ಪ್ರಾಂತ್ಯದ ಅಟಾರ್ನಿ ಜನರಲ್ ಒಪ್ಪಿಗೆ ಬೇಕು. ಅದಕ್ಕೇ ಸಿಟ್ರನ್ 1983ರಲ್ಲಿ ಒಪ್ಪಿಗೆ ಬೇಡದ ಮತ್ತೊಂದು ಕಲಮನ್ನು ಹಿಡಿದು ಖಾಸಗಿ ದೂರು ಸಲ್ಲಿಸಿದರು. ಸುಳ್ಳೆಂದು ಗೊತ್ತಿದ್ದೂ ಸಾರ್ವಜನಿಕ ಹಿತಕ್ಕೆ ಕೆಡುಕಾಗುವಂಥ ಸುದ್ದಿ ಹರಡುವುದು ಅಪರಾಧ ಎನ್ನುವ, ಯಾರೂ ಬಳಸದೆ ಮೂಲೆಗೆ ಬಿದ್ದಿದ್ದ ಕಲಮು ಅದು. ಅದರ ಬೇರು 1275ರ ಇಂಗ್ಲೆಂಡಿನಲ್ಲಿದೆ. ರಾಜನ ಸುತ್ತಲಿನ ದೊಡ್ಡ ಮನುಷ್ಯರ ಮೇಲೆ ಸುಳ್ಳು ಹಬ್ಬಿಸಿ ದಂಗೆ ಎಬ್ಬಿಸಬಾರದೆಂದು ಮಾಡಿದ ಶಾಸನ.

1985ರ ವಿಚಾರಣೆ ನರಮೇಧದಿಂದ ಬದುಕಿ ಬಂದವರ ಪಾಲಿಗೆ ಎರಡನೇ ಶಿಕ್ಷೆಯಾಯಿತು. ನರಮೇಧ ನಡೆದದ್ದು ಎಲ್ಲರಿಗೂ ತಿಳಿದ ಸಂಗತಿ, ಅದನ್ನು ಬೇರೆಯಾಗಿ ಸಾಬೀತು ಮಾಡಬೇಕಿಲ್ಲ ಎಂದು ಮೊದಲೇ ಒಪ್ಪಿಕೊಳ್ಳಲು ನ್ಯಾಯಾಧೀಶರು ನಿರಾಕರಿಸಿದರು. ಹೀಗಾಗಿ ಸರ್ಕಾರಿ ವಕೀಲರು ನರಮೇಧವನ್ನೇ ಸಾಬೀತು ಮಾಡಬೇಕಾಯಿತು. ಇತಿಹಾಸಕಾರ ರಾವುಲ್ ಹಿಲ್ಬರ್ಗ್ ಸಾಕ್ಷಿ ಕಟ್ಟೆ ಹತ್ತಿದರು. ಶಿಬಿರಗಳಿಂದ ಬದುಕಿ ಬಂದ ಮುದುಕರನ್ನು ಜುಂಡೆಲ್ ಪರ ವಕೀಲ ಡಗ್ಲಸ್ ಕ್ರಿಸ್ಟಿ ಪಾಟೀಸವಾಲಿನಲ್ಲಿ ಹಿಂಡಿದ. ಪತ್ರಿಕೆ, ಟಿವಿಗಳಲ್ಲಿ ದಿನವೂ ಅದೇ ಸುದ್ದಿ. ಕಟ್ಟಡ ಕಾರ್ಮಿಕರು ಹಾಕುವ ಹೆಲ್ಮೆಟ್ ತೊಟ್ಟು ಕೋರ್ಟಿಗೆ ಬರುತ್ತಿದ್ದ ಜುಂಡೆಲ್‌ಗೆ ಬೇಕಾಗಿದ್ದದ್ದೂ ಅದೇ. ಹತ್ತು ವರ್ಷ ಕರಪತ್ರ ಹಂಚಿದರೂ ಸಿಗದ ಪ್ರಚಾರ ಕೆಲವೇ ವಾರಗಳಲ್ಲಿ ಸಿಕ್ಕಿತು.

15 ತಿಂಗಳ ಶಿಕ್ಷೆಯಾಯಿತು. ಬೆನ್ನಿಗೇ ಗಡಿಪಾರಿನ ಆದೇಶವೂ ಹೊರಟಿತು. ಆದರೆ 1987ರಲ್ಲಿ ಒಂಟಾರಿಯೊ ಮೇಲ್ಮನವಿ ನ್ಯಾಯಾಲಯ ಕೆಳ ಕೋರ್ಟಿನ ವಿಚಾರಣೆಯಲ್ಲೇ ಲೋಪಗಳಿವೆ ಎಂದು ಆ ತೀರ್ಪನ್ನು ರದ್ದು ಮಾಡಿತು. ಗಡಿಪಾರಿನ ಮಾತೂ ಅಲ್ಲಿಗೆ ನಿಂತಿತು. 1988ರಲ್ಲಿ ಎರಡನೇ ವಿಚಾರಣೆ. ಈ ಸಲ ನ್ಯಾಯಾಧೀಶರು ನರಮೇಧವನ್ನು ಸರ್ವವಿದಿತ ಸಂಗತಿಯೆಂದು ಮೊದಲೇ ಸ್ವೀಕರಿಸಿದರು. ಮತ್ತೆ ತಪ್ಪಿತಸ್ಥ ಎಂದೇ ತೀರ್ಪಾಯಿತು, 9 ತಿಂಗಳ ಶಿಕ್ಷೆ.

ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1992ರ ಆಗಸ್ಟ್ 27ರಂದು ಬಂದ ತೀರ್ಪು 4–3ರದು. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಬೆವರ್ಲಿ ಮೆಕ್ಲಾಕ್ಲಿನ್. ಅವರು ಜುಂಡೆಲ್‌ನ ಕರಪತ್ರದಲ್ಲಿ ಸತ್ಯವಿದೆ ಎನ್ನಲಿಲ್ಲ, ಅದರಿಂದ ನೋವಾಗಿಲ್ಲ ಎಂದೂ ಅನ್ನಲಿಲ್ಲ. ಅವರ ತಕರಾರು ಕಲಮಿನ ಮೇಲೆ. ‘ಸಾರ್ವಜನಿಕ ಹಿತಕ್ಕೆ ಕೆಡುಕು’ ಎಂಬ ಮಾತಿನೊಳಗೆ ಏನನ್ನು ಬೇಕಾದರೂ ತುಂಬಬಹುದು. ಇವತ್ತು ಜುಂಡೆಲ್, ನಾಳೆ ಸರ್ಕಾರಕ್ಕೆ ಕಿರಿಕಿರಿ ಮಾಡುವ ಇನ್ಯಾರೋ. ಜನರಿಗೆ ಹಿಡಿಸದ ಮಾತಿಗೂ ಸಂವಿಧಾನದ ರಕ್ಷಣೆ ಬೇಕು, ಏಕೆಂದರೆ ಎಲ್ಲರಿಗೂ ಹಿಡಿಸುವ ಮಾತಿಗೆ ರಕ್ಷಣೆಯ ಅಗತ್ಯವೇ ಬೀಳುವುದಿಲ್ಲ. ಹೀಗೆ ಸಾಗುತ್ತದೆ ಅವರ ವಾದ. ಆ ಕಲಮು ಬಿದ್ದುಹೋಯಿತು, ಜುಂಡೆಲ್ ಬಿಡುಗಡೆಯಾದ.

ಇದರರ್ಥ ಕೆನಡಾದಲ್ಲಿ ಯಾರು ಏನು ಬೇಕಾದರೂ ಹೇಳಬಹುದು ಎಂದಲ್ಲ. ಕೇವಲ ಎರಡು ವರ್ಷ ಮೊದಲು, 1990ರಲ್ಲಿ, ಅದೇ ಕೋರ್ಟು ಅದೇ 4–3ರ ಅಂತರದಲ್ಲಿ ದ್ವೇಷ ಪ್ರಚಾರದ ಕಲಮನ್ನು ಎತ್ತಿಹಿಡಿದಿತ್ತು. ಆಲ್ಬರ್ಟಾದ ಜೇಮ್ಸ್ ಕೀಗ್‌ಸ್ಟ್ರಾ ಎಂಬ ಶಾಲಾ ಮೇಷ್ಟ್ರು ಯಹೂದಿಗಳ ಬಗ್ಗೆ ಮಕ್ಕಳಿಗೆ ವಿಷ ಉಣಿಸುತ್ತಿದ್ದ ಪ್ರಕರಣ ಅದು. ಅಂದರೆ ದ್ವೇಷಕ್ಕೆ ಶಿಕ್ಷೆ ಕೊಡುವ ಕಾನೂನು ಜೀವಂತವಾಗಿತ್ತು. ಜುಂಡೆಲ್ ಮೇಲೆ ಹಾಕಿದ್ದ ಕೇಸಿನ ಕಲಮು ಮಾತ್ರ ಬೇರೆ.

ಈಗ ಪೌರತ್ವಕ್ಕೆ ಬರೋಣ. ಕೆನಡಾದ ಹಕ್ಕುಗಳ ಸನ್ನದು, ಅಂದರೆ ಅವರ ಸಂವಿಧಾನದ ಭಾಗವಾದ 1982ರ ಚಾರ್ಟರ್, ತನ್ನ 2ನೇ ಕಲಮಿನಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ‘ಪ್ರತಿಯೊಬ್ಬರಿಗೂ’ ಕೊಡುತ್ತದೆ. ಪ್ರಜೆಯಾಗಿರಲಿ, ವಲಸಿಗನಾಗಿರಲಿ, ನಿನ್ನೆ ವೀಸಾದಲ್ಲಿ ಬಂದಿಳಿದವನಾಗಿರಲಿ. 1992ರಲ್ಲಿ ಜುಂಡೆಲ್ ಗೆದ್ದದ್ದು ಇದರ ಬಲದಿಂದ. ಅದೇ ಚಾರ್ಟರಿನ 6ನೇ ಕಲಮು ದೇಶದೊಳಗೆ ಬರುವ, ಅಲ್ಲೇ ಉಳಿಯುವ, ಹೊರಗೆ ಹೋಗುವ ಹಕ್ಕನ್ನು ಮಾತ್ರ ‘ಪ್ರತಿಯೊಬ್ಬ ಪ್ರಜೆಗೆ’ ಎಂದು ಕಟ್ಟಿಡುತ್ತದೆ. ಮಾತಾಡುವ ಹಕ್ಕು ಎಲ್ಲರದು, ಉಳಿಯುವ ಹಕ್ಕು ಪ್ರಜೆಗಳದು. ಜುಂಡೆಲ್‌ನ ಇಡೀ ಬದುಕು ಈ ಎರಡು ಕಲಮುಗಳ ನಡುವಿನ ಸಂದಿಯಲ್ಲಿ ಸಿಕ್ಕಿಹಾಕಿಕೊಂಡಿತ್ತು.

ಟೊರೊಂಟೊ, ಬ್ರಾಂಪ್ಟನ್, ಮಿಸ್ಸಿಸಾಗಾ ಕಡೆ ನೆಲೆಸಿರುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಕೈಗೆ ಬಂದ ಮೇಲೆ ಕೆಲಸ, ಮನೆ ಸಾಲ, ಮಕ್ಕಳ ಶಾಲೆ, ಆಸ್ಪತ್ರೆ ಎಲ್ಲವೂ ಪ್ರಜೆಗಳಂತೆಯೇ ನಡೆಯುತ್ತದೆ. ಮತದಾನ ಇಲ್ಲ, ಕೆನಡಾ ಪಾಸ್‌ಪೋರ್ಟ್ ಇಲ್ಲ, ಅಷ್ಟೇ ವ್ಯತ್ಯಾಸ ಅನ್ನಿಸುತ್ತದೆ. ಐದು ವರ್ಷಗಳಲ್ಲಿ 1,095 ದಿನ ಅಲ್ಲಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು, ಆದರೆ ಭಾರತದ ಪೌರತ್ವ ಬಿಟ್ಟುಕೊಡಬೇಕಾಗುತ್ತದೆಂದು ಎಷ್ಟೋ ಮಂದಿ ಮುಂದೂಡುತ್ತಲೇ ಇರುತ್ತಾರೆ. ಅವರಲ್ಲಿ ಸಾವಿರಕ್ಕೊಬ್ಬರಿಗೂ ಇದರಿಂದ ತೊಂದರೆಯಾಗದು. ಆದರೂ ಪಿಆರ್ ಎಷ್ಟೇ ಹಳೆಯದಾದರೂ ಅದು ಸರ್ಕಾರ ಕೊಟ್ಟ ಅನುಮತಿ. 40 ವರ್ಷ ಕಳೆದರೂ ಅದು ತಾನಾಗಿ ಹಕ್ಕಾಗುವುದಿಲ್ಲ.

ಜುಂಡೆಲ್‌ನ ಮೊದಲ ಅರ್ಜಿ 1966ರಲ್ಲೇ ತಿರಸ್ಕೃತವಾಗಿತ್ತು. ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಹುಮ್ಮಸ್ಸಿನಲ್ಲಿ 1993ರಲ್ಲಿ ಮತ್ತೆ ಅರ್ಜಿ ಹಾಕಿದ. ವಾಸದ ಅವಧಿ, ಭಾಷೆ, ದೇಶದ ಬಗೆಗಿನ ತಿಳಿವಳಿಕೆ, ಯಾವುದರಲ್ಲೂ ಕೊರತೆಯಿರಲಿಲ್ಲ. ಕೆನಡಾದಲ್ಲಿ ಅವನ ಮೇಲೆ ಉಳಿದ ಶಿಕ್ಷೆಯೂ ಇರಲಿಲ್ಲ, ಇದ್ದದ್ದು ರದ್ದಾಗಿತ್ತು. ಆಗಿನ ಪೌರತ್ವ ಕಾಯ್ದೆಯಲ್ಲಿ ಸರ್ಕಾರಕ್ಕೆ ಉಳಿದಿದ್ದದ್ದು 19ನೇ ಕಲಮು. ಅರ್ಜಿದಾರ ಕೆನಡಾದ ಭದ್ರತೆಗೆ ಅಪಾಯ ತರುವ ಚಟುವಟಿಕೆಯಲ್ಲಿ ತೊಡಗುತ್ತಾನೆಂದು ನಂಬಲು ಸಕಾರಣವಿದ್ದರೆ, ಸಚಿವರು ಅದನ್ನು ಗುಪ್ತಚರ ಸಂಸ್ಥೆಯ ಕೆಲಸದ ಮೇಲೆ ಕಣ್ಣಿಡುವ ಗುಪ್ತಚರ ಪರಿಶೀಲನಾ ಸಮಿತಿಗೆ ವರದಿ ಮಾಡಬಹುದಿತ್ತು. ಸಮಿತಿ ವಿಚಾರಣೆ ನಡೆಸಿ ತನ್ನ ಅಭಿಪ್ರಾಯ ಕೊಡುತ್ತಿತ್ತು. ಅದನ್ನು ನೋಡಿ ಸಚಿವ ಸಂಪುಟ ಘೋಷಣೆ ಹೊರಡಿಸಿದರೆ ಪೌರತ್ವ ಸಿಗುತ್ತಿರಲಿಲ್ಲ. 1995ರ ಆಗಸ್ಟಿನಲ್ಲಿ ಅಂಥ ವರದಿ ಹೋಯಿತು.

‘ಭದ್ರತೆಗೆ ಅಪಾಯ’ ಎಂದರೆ ಏನೆಂದು ಕೆನಡಾದ ಗುಪ್ತಚರ ಕಾಯ್ದೆಯಲ್ಲಿ ವ್ಯಾಖ್ಯೆ ಇದೆ: ಬೇಹುಗಾರಿಕೆ, ಸರ್ಕಾರ ಉರುಳಿಸುವ ಸಂಚು ಇತ್ಯಾದಿ. ಜುಂಡೆಲ್‌ಗೆ ಹೊಂದುವ ಭಾಗ ಯಾವುದೆಂದರೆ, ರಾಜಕೀಯ ಗುರಿಗಾಗಿ ಜನರ ಮೇಲೋ ಆಸ್ತಿಯ ಮೇಲೋ ಗಂಭೀರ ಹಿಂಸೆ ನಡೆಸುವ, ನಡೆಸುವೆನೆಂದು ಬೆದರಿಸುವ, ಅದಕ್ಕೆ ಬೆಂಬಲ ಕೊಡುವ ಚಟುವಟಿಕೆ. ಈ ಸಾಲನ್ನು ಎರಡು ಸಲ ಓದಬೇಕು. ಅಲ್ಲಿ ‘ದ್ವೇಷ’ ಎಂಬ ಪದವೇ ಇಲ್ಲ, ‘ಸುಳ್ಳು’ ಎಂಬುದೂ ಇಲ್ಲ. ಎಷ್ಟು ಹೊಲಸು ಬರೆದರೂ ಅಷ್ಟರಿಂದಲೇ ಯಾರೂ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಹಿಂಸೆಗೆ ಬೆಂಬಲ ಬೇಕು.

ಜುಂಡೆಲ್ ಯಾರಿಗೂ ಹೊಡೆದವನಲ್ಲ. ತಾನು ಶಾಂತಿವಾದಿ ಎಂದೇ ಕೊನೆಯವರೆಗೂ ಹೇಳುತ್ತಿದ್ದ. ಅಷ್ಟೇ ಅಲ್ಲ, 1995ರ ಮೇ ತಿಂಗಳಲ್ಲಿ ಯಾರೋ ಅವನ ಮನೆಗೇ ಬೆಂಕಿ ಹಚ್ಚಿದರು. ಅಂಚೆಯಲ್ಲಿ ಬಾಂಬ್ ಕೂಡ ಬಂತು. ಅದು ಅಪರಾಧ, ಅದನ್ನು ಸಮರ್ಥಿಸುವ ಮಾತೇ ಇಲ್ಲ. ಆದರೆ ಆ ಮನೆಗೆ ಬಂದು ಹೋಗುತ್ತಿದ್ದವರು ಯಾರೆಂದು ಗುಪ್ತಚರ ಸಂಸ್ಥೆ ನೋಡುತ್ತಲೇ ಇತ್ತು. 1989ರಲ್ಲಿ ಹುಟ್ಟಿದ ‘ಹೆರಿಟೇಜ್ ಫ್ರಂಟ್’ ಎಂಬ ಬಿಳಿಯ ಜನಾಂಗವಾದಿ ಗುಂಪಿನ ನಾಯಕ ವೋಲ್ಫ್‌ಗ್ಯಾಂಗ್ ಡ್ರೋಗೆ, ಅಮೆರಿಕದ ಜನಾಂಗದ್ವೇಷಿ ಸಂಘಟನೆಗಳ ಮುಂದಾಳುಗಳು, ಜರ್ಮನಿಯ ನವನಾಜಿಗಳು, ಎಲ್ಲರಿಗೂ ಜುಂಡೆಲ್ ಹಿರಿಯ, ಮಾರ್ಗದರ್ಶಕ.

ಇಲ್ಲಿ ಪ್ರಕರಣ ವಿಚಿತ್ರ ತಿರುವು ಪಡೆಯಿತು. ಆ ಹೆರಿಟೇಜ್ ಫ್ರಂಟ್ ಕಟ್ಟಿದವರಲ್ಲಿ ಒಬ್ಬನಾದ ಗ್ರಾಂಟ್ ಬ್ರಿಸ್ಟೋ ಗುಪ್ತಚರ ಸಂಸ್ಥೆಗೇ ಸುದ್ದಿ ಕೊಡುತ್ತಿದ್ದವನು ಎಂದು 1994ರಲ್ಲಿ ಪತ್ರಿಕೆಯೊಂದು ಬಯಲು ಮಾಡಿತು. ದೊಡ್ಡ ಗದ್ದಲವಾಯಿತು. ಸರ್ಕಾರದ ಹಣದಲ್ಲೇ ಜನಾಂಗದ್ವೇಷಿ ಗುಂಪು ಬೆಳೆಯಿತೇ ಎಂದು ತನಿಖೆ ಮಾಡಿದ್ದು ಅದೇ ಪರಿಶೀಲನಾ ಸಮಿತಿ. 1994ರ ಡಿಸೆಂಬರಿನ ತನ್ನ ವರದಿಯಲ್ಲಿ ಅದು ಜುಂಡೆಲ್ ಬಗ್ಗೆಯೂ ಕಟುವಾಗಿ ಬರೆದಿತ್ತು. ಕೆಲವೇ ತಿಂಗಳ ಬಳಿಕ ಅವನ ಪೌರತ್ವದ ಕಡತ ಅದೇ ಸಮಿತಿಯ ಮೇಜಿಗೆ ಬಂತು. ‘ನನ್ನ ಬಗ್ಗೆ ಮೊದಲೇ ತೀರ್ಮಾನ ಮಾಡಿದವರು ನಿಷ್ಪಕ್ಷಪಾತವಾಗಿ ಹೇಗೆ ವಿಚಾರಿಸುತ್ತಾರೆ?’ ಎಂದು ಜುಂಡೆಲ್ ಕೋರ್ಟಿಗೆ ಹೋದ. 1996ರಲ್ಲಿ ಫೆಡರಲ್ ಕೋರ್ಟ್ ಅವನ ಮಾತು ಒಪ್ಪಿತು. 1997ರಲ್ಲಿ ಮೇಲ್ಮನವಿ ಪೀಠ ಅದನ್ನು ತಳ್ಳಿಹಾಕಿತು. 1998ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ.

ಈ ವ್ಯಾಜ್ಯದಲ್ಲಿ ಜುಂಡೆಲ್ ಎತ್ತಿದ ಪ್ರಶ್ನೆ ನ್ಯಾಯವಾದದ್ದೇ. ಅವನು ಎಂಥವನೇ ಆಗಿರಲಿ, ಪ್ರಶ್ನೆಯ ತೂಕ ಕಡಿಮೆಯಾಗುವುದಿಲ್ಲ. ಆದರೆ ಆ ದಾರಿಯಲ್ಲಿ ಕೆಲವು ಒಳ್ಳೆಯ ಅಂಶಗಳೂ ಇದ್ದವು. ಸಚಿವರು ಒಬ್ಬರೇ ಕುಳಿತು ‘ಬೇಡ’ ಎನ್ನುವಂತಿರಲಿಲ್ಲ. ಸರ್ಕಾರದ ಆಕ್ಷೇಪ ಯಾವ ಕಲಮಿನಡಿ ಇದೆ ಎಂದು ಅರ್ಜಿದಾರನಿಗೆ ತಿಳಿದಿತ್ತು. ಮೂರು ಹಂತದ ಕೋರ್ಟುಗಳ ತನಕ ಹೋಗಿ ಜಗಳವಾಡಲು ಅವಕಾಶವಿತ್ತು. ನಿರಾಕರಣೆ ಎಂದರೆ ಹೀಗಿರಬೇಕು: ನಿಧಾನವಾದರೂ ಕಾರಣ ಸಮೇತ.

ಈ ನಡುವೆ ಇಂಟರ್‌ನೆಟ್ ಬಂದಿತ್ತು. ಅವನ ಹೆಸರಿನ ಜಾಲತಾಣ ಕ್ಯಾಲಿಫೋರ್ನಿಯಾದಿಂದ ನಡೆಯುತ್ತಿತ್ತು. ಅದರ ವಿರುದ್ಧದ ದೂರನ್ನು ಹಲವು ವರ್ಷ ವಿಚಾರಿಸಿದ ಮಾನವ ಹಕ್ಕುಗಳ ನ್ಯಾಯಮಂಡಳಿ 2002ರ ಜನವರಿಯಲ್ಲಿ ಅದು ದ್ವೇಷ ಹರಡುವ ತಾಣವೆಂದೇ ತೀರ್ಮಾನಿಸಿ, ನಿಲ್ಲಿಸಲು ಆದೇಶಿಸಿತು. ಆ ಹೊತ್ತಿಗೆ ಜುಂಡೆಲ್ ಕೆನಡಾದಲ್ಲಿ ಇರಲೇ ಇಲ್ಲ. 2000ದಲ್ಲೇ ಅಮೆರಿಕಕ್ಕೆ ಹೋಗಿ, ಅಲ್ಲಿನ ಪ್ರಜೆಯೊಬ್ಬಳನ್ನು ಮದುವೆಯಾಗಿ, ಟೆನೆಸ್ಸಿಯ ಗುಡ್ಡಗಾಡಿನಲ್ಲಿ ನೆಲೆಸಿದ್ದ. 2003ರ ಫೆಬ್ರವರಿಯಲ್ಲಿ ವಲಸೆ ನಿಯಮ ಮೀರಿದ್ದಾನೆಂದು ಅಮೆರಿಕದ ಅಧಿಕಾರಿಗಳು ಬಂಧಿಸಿ ಕೆನಡಾಕ್ಕೆ ಹಿಂದಿರುಗಿಸಿದರು. ಕೆನಡಾದಲ್ಲಿ ಇಳಿದವನು ನಿರಾಶ್ರಿತನಾಗಿ ಆಶ್ರಯ ಕೊಡಿ ಎಂದು ಕೇಳಿದ. ಜರ್ಮನಿಗೆ ಹೋದರೆ ಜೈಲು ಖಚಿತ ಎಂದು ಅವನಿಗೆ ಗೊತ್ತಿತ್ತು.

ಆಗ ಸರ್ಕಾರ ಹೊರತೆಗೆದದ್ದು ಭದ್ರತಾ ಪ್ರಮಾಣಪತ್ರ ಎಂಬ ಅಸ್ತ್ರ. ವಲಸೆ ಸಚಿವ ಮತ್ತು ಸಾಲಿಸಿಟರ್ ಜನರಲ್, ಇಬ್ಬರು ಸೇರಿ ‘ಈ ವಿದೇಶಿ ದೇಶದ ಭದ್ರತೆಗೆ ಅಪಾಯ’ ಎಂಬ ಪತ್ರಕ್ಕೆ ಸಹಿ ಹಾಕುತ್ತಿದ್ದರು. ಫೆಡರಲ್ ಕೋರ್ಟಿನ ಒಬ್ಬ ನ್ಯಾಯಾಧೀಶರು ಆ ಪತ್ರ ‘ಸಮಂಜಸವೇ’ ಎಂದು ನೋಡುತ್ತಿದ್ದರು. ಸಮಂಜಸ ಎಂದರೆ ಅದೇ ಗಡಿಪಾರಿನ ಆದೇಶ. ಆಗಿನ ಕಾನೂನಿನಲ್ಲಿ ಅದರ ಮೇಲೆ ಅಪೀಲಿರಲಿಲ್ಲ. ಸರ್ಕಾರದ ಸಾಕ್ಷ್ಯದಲ್ಲಿ ಭದ್ರತೆಗೆ ಧಕ್ಕೆಯಾಗುವಂಥದ್ದನ್ನು ನ್ಯಾಯಾಧೀಶರು ಮುಚ್ಚಿದ ಕೋಣೆಯಲ್ಲಿ, ಆರೋಪಿಯಾಗಲಿ ಅವನ ವಕೀಲನಾಗಲಿ ಇಲ್ಲದೆ ಕೇಳುತ್ತಿದ್ದರು. ಆರೋಪಿಗೆ ಸಿಗುತ್ತಿದ್ದದ್ದು ಒಂದು ಸಾರಾಂಶ. ಅನುಮಾನ ಮೀರಿದ ಪುರಾವೆ ಬೇಕಿಲ್ಲ, ‘ನಂಬಲು ಸಕಾರಣ’ ಇದ್ದರೆ ಸಾಕು. ಕೆನಡಾದ ಪ್ರಜೆಯ ಮೇಲೆ ಈ ಪತ್ರ ಹೊರಡಿಸಲು ಬರುವುದಿಲ್ಲ. ದಶಕಗಳ ಹಿಂದೆ ಸಿಗದೆ ಹೋದ ಪೌರತ್ವದ ಬೆಲೆ ಜುಂಡೆಲ್‌ಗೆ ಪೂರ್ತಿ ತಿಳಿದದ್ದು ಇಲ್ಲಿ.

ಎರಡು ವರ್ಷ ಅವನು ಒಂಟಿ ಸೆರೆಯಲ್ಲಿದ್ದ, ಯಾವ ಅಪರಾಧದ ಆರೋಪವೂ ಇಲ್ಲದೆ. ಪ್ರಕರಣ ನಡೆಸಿದವರು ನ್ಯಾಯಮೂರ್ತಿ ಪಿಯರ್ ಬ್ಲೇ. ಅವರು 1989ರಲ್ಲಿ ಸಾಲಿಸಿಟರ್ ಜನರಲ್ ಆಗಿದ್ದವರು, ಅಂದರೆ ಗುಪ್ತಚರ ಸಂಸ್ಥೆಯ ಹೊಣೆ ಹೊತ್ತಿದ್ದ ಸಚಿವರು. ಅದೇ ಸಂಸ್ಥೆಯ ಸಾಕ್ಷ್ಯವನ್ನು ಈಗ ಅವರೇ ತೂಗಬೇಕಿತ್ತು. ನೀವು ಹಿಂದೆ ಸರಿಯಿರಿ ಎಂದು ಜುಂಡೆಲ್ ಪರ ವಕೀಲರು ಕೇಳಿದರೂ ಅವರು ಸರಿಯಲಿಲ್ಲ.

2005ರ ಫೆಬ್ರವರಿ 24ರಂದು ಬ್ಲೇ ಕೊಟ್ಟ ತೀರ್ಪಿನ ಬಹಿರಂಗ ಭಾಗ ಮಾತು ಮತ್ತು ಹಿಂಸೆಯ ನಂಟನ್ನು ಹೀಗೆ ಕಟ್ಟುತ್ತದೆ. ಜುಂಡೆಲ್ ಒಂಟಿಯಾಗಿ ಕುಳಿತು ಬರೆಯುತ್ತಿದ್ದವನಲ್ಲ. ಹಿಂಸೆಯನ್ನು ಬಹಿರಂಗವಾಗಿ ಒಪ್ಪುವ, ಹಿಂಸೆ ನಡೆಸಿದ ಜನರೊಂದಿಗೆ ವರ್ಷಗಟ್ಟಲೆ ಸಂಪರ್ಕ ಇಟ್ಟುಕೊಂಡು, ದೇಶದೇಶಗಳ ನವನಾಜಿಗಳನ್ನು ಒಂದೇ ಜಾಲಕ್ಕೆ ಸೇರಿಸಿದವನು. ಅವರಿಗೆ ವೇದಿಕೆ, ಸಾಹಿತ್ಯ, ಹಣದ ನೆರವು ಅವನಿಂದ ಸಿಗುತ್ತಿತ್ತು. ಬಾಯಲ್ಲಿ ಶಾಂತಿ ಎನ್ನುತ್ತಾ, ಬೇರೆಯವರು ಕೈ ಎತ್ತುವುದಕ್ಕೆ ಹುರುಪು ತುಂಬಿದರೆ ಅದು ಬೆಂಬಲವೇ. ಆದ್ದರಿಂದ ಅವನು ಕೆನಡಾಕ್ಕಷ್ಟೇ ಅಲ್ಲ, ಬೇರೆ ದೇಶಗಳಿಗೂ ಅಪಾಯ ಎಂದು ಬ್ಲೇ ತೀರ್ಮಾನಿಸಿದರು. ಐದನೇ ದಿನ ಗಡಿಪಾರು.

ಈ ತರ್ಕದ ಬಹುಭಾಗ ನನಗೆ ಒಪ್ಪಿಗೆ. ಕೈಗೆ ರಕ್ತ ಅಂಟಿಸಿಕೊಳ್ಳದೆ ಹಿಂಸೆ ಬೆಳೆಸುವವರನ್ನು ಜಗತ್ತಿನ ಎಲ್ಲ ಕಡೆ ನೋಡಿದ್ದೇವೆ, ನಮ್ಮಲ್ಲೂ ಅವರಿಗೆ ಬರವಿಲ್ಲ. ಒಪ್ಪಿಗೆಯಾಗದಿರುವುದು, ಆ ನಂಟಿಗೆ ಆಧಾರವಾದ ಸಾಕ್ಷ್ಯದ ಒಂದು ಪಾಲನ್ನು ಯಾರೂ ಪಾಟೀಸವಾಲು ಮಾಡಲಿಲ್ಲ ಎಂಬುದು. ಯಾರೋ ಮಾಹಿತಿದಾರ ಹೇಳಿದ್ದು ನಿಜವೇ, ಅವನಿಗೆ ಹಗೆಯಿತ್ತೇ, ಹಣ ಸಿಕ್ಕಿತ್ತೇ, ಕೇಳುವವರಿಲ್ಲ. ಬ್ರಿಸ್ಟೋ ಪ್ರಕರಣದಂಥದ್ದು ನಡೆದುಹೋದ ದೇಶದಲ್ಲಿ ಈ ಪ್ರಶ್ನೆ ಕೇಳಲೇಬೇಕಿತ್ತು. ಯಹೂದಿ ಕುಟುಂಬದಲ್ಲೇ ಹುಟ್ಟಿ, ಜುಂಡೆಲ್‌ನನ್ನು ಅಸಹ್ಯಪಡುತ್ತಿದ್ದ ನಾಗರಿಕ ಹಕ್ಕುಗಳ ವಕೀಲ ಆಲನ್ ಬೊರೊವಾಯ್ ಅಂಥವರು ಸುಳ್ಳು ಸುದ್ದಿಯ ಕಲಮನ್ನು ಮೊದಲಿನಿಂದಲೂ ವಿರೋಧಿಸಿದ್ದು ಅವನ ಮೇಲಿನ ಪ್ರೀತಿಯಿಂದಲ್ಲ. ಹೀನ ಮನುಷ್ಯನೊಬ್ಬನ ಮೇಲೆ ಬಳಸಲೆಂದು ಸಡಿಲಿಸಿದ ನಿಯಮ ಮುಂದೆ ಯಾರ ಮೇಲೂ ಬೀಳಬಹುದು ಎಂಬ ಭಯದಿಂದ.

ಆ ಭಯ ಸುಳ್ಳಾಗಲಿಲ್ಲ. ಅದೇ ಪ್ರಮಾಣಪತ್ರದ ಅಸ್ತ್ರವನ್ನು ಆ ವರ್ಷಗಳಲ್ಲೇ ಆದಿಲ್ ಶರ್ಕಾವಿ ಮೊದಲಾದ ಅರಬ್ ಮೂಲದ ವಲಸಿಗರ ಮೇಲೆ ಭಯೋತ್ಪಾದನೆಯ ನಂಟಿನ ಹೆಸರಲ್ಲಿ ಪ್ರಯೋಗಿಸಲಾಯಿತು, ವರ್ಷಗಟ್ಟಲೆ ಸೆರೆ. 2007ರ ಫೆಬ್ರವರಿ 23ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಈ ವಿಧಾನ ಸಂವಿಧಾನಕ್ಕೆ ವಿರುದ್ಧವೆಂದಿತು. ತನ್ನ ಮೇಲಿನ ಆರೋಪ ಏನೆಂದು ತಿಳಿದು ಉತ್ತರ ಕೊಡುವ ಅವಕಾಶ ಇಲ್ಲದ ವಿಚಾರಣೆ ನ್ಯಾಯವಾದ ವಿಚಾರಣೆಯಲ್ಲ ಎಂದು ಬರೆದವರು, ಆ ಹೊತ್ತಿಗೆ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅದೇ ಮೆಕ್ಲಾಕ್ಲಿನ್. ಮರುವರ್ಷ ಕಾನೂನು ತಿದ್ದುಪಡಿಯಾಗಿ, ಗುಪ್ತ ಸಾಕ್ಷ್ಯವನ್ನು ನೋಡಿ ಆರೋಪಿಯ ಪರವಾಗಿ ಪ್ರಶ್ನಿಸುವ ವಿಶೇಷ ವಕೀಲರ ವ್ಯವಸ್ಥೆ ಬಂತು. ಜುಂಡೆಲ್‌ಗೆ ಇದರಿಂದ ಏನೂ ಆಗಲಿಲ್ಲ. ಆ ತೀರ್ಪಿಗೆ ಎಂಟು ದಿನ ಮೊದಲು ಜರ್ಮನಿಯ ಮಾನ್‌ಹೈಮ್ ಕೋರ್ಟ್ ಅವನಿಗೆ ಐದು ವರ್ಷ ಶಿಕ್ಷೆ ಕೊಟ್ಟಾಗಿತ್ತು. ಜರ್ಮನಿಯಲ್ಲಿ ನರಮೇಧವನ್ನು ಅಲ್ಲಗಳೆಯುವುದು ನೇರವಾಗಿ ಅಪರಾಧ. 2010ರಲ್ಲಿ ಹೊರಬಂದ, 2017ರಲ್ಲಿ ಸತ್ತ.

ಪೌರತ್ವ ಒಮ್ಮೆ ಸಿಕ್ಕಿಬಿಟ್ಟರೆ ಏನಾಗುತ್ತದೆಂದು ತಿಳಿಯಲು ಹೆಲ್ಮುಟ್ ಓಬರ್‌ಲ್ಯಾಂಡರ್ ಪ್ರಕರಣ ನೋಡಬೇಕು. ಸಾಮೂಹಿಕ ಹತ್ಯೆ ನಡೆಸಿದ ನಾಜಿ ತುಕಡಿಯೊಂದರಲ್ಲಿ ದುಭಾಷಿಯಾಗಿದ್ದ ಈತ ಅದನ್ನು ಮುಚ್ಚಿಟ್ಟು 1960ರಲ್ಲಿ ಕೆನಡಾದ ಪೌರತ್ವ ಪಡೆದ. ಅದನ್ನು ಕಿತ್ತುಕೊಳ್ಳಲು ಸರ್ಕಾರ 1995ರಲ್ಲಿ ಹೊರಟಿತು. ನಾಲ್ಕು ಸಲ ರದ್ದು ಮಾಡಿತು. ಮೂರು ಸಲ ಕೋರ್ಟುಗಳು ಆದೇಶವನ್ನು ಬದಿಗಿ‌ಟ್ಟವು. ಗಡಿಪಾರಿನ ವಿಚಾರಣೆ ಮುಗಿಯುವ ಮೊದಲೇ, 2021ರಲ್ಲಿ, ಆತ ತನ್ನ ಒಂಟಾರಿಯೊದ ಮನೆಯಲ್ಲಿ ತೀರಿಕೊಂಡ. ಕರಪತ್ರ ಹಂಚಿದವನು ಎರಡು ವರ್ಷದಲ್ಲಿ ಹೊರಗೆ, ಹಂತಕರ ತುಕಡಿಯಲ್ಲಿದ್ದವನು ಕಾಲು ಶತಮಾನ ಕಳೆದರೂ ಒಳಗೆ. ಇಬ್ಬರ ನಡುವಿದ್ದದ್ದು ಒಂದು ಪೌರತ್ವ ಪತ್ರ. ಸರ್ಕಾರಗಳು ಕೊಡುವ ಹಂತದಲ್ಲೇ ಏಕೆ ಇಷ್ಟು ಬಿಗಿ ಹಿಡಿಯುತ್ತವೆ ಎಂಬುದಕ್ಕೂ ಇದೇ ಉತ್ತರ.

ನಮ್ಮ ದೇಶದಲ್ಲಿ ಜುಂಡೆಲ್‌ನಂಥವನು ಬಂದು ಪೌರತ್ವ ಕೇಳಿದರೆ? ಮೊದಲನೆಯದಾಗಿ, ಅವನು 1992ರಲ್ಲಿ ಗೆದ್ದ ವಾದವನ್ನು ಇಲ್ಲಿ ಹೂಡಲು ಬರುವುದಿಲ್ಲ. ನಮ್ಮ ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯ ಪ್ರಜೆಗಳಿಗೆ ಮಾತ್ರ. ಜೀವ ಮತ್ತು ಸ್ವಾತಂತ್ರ್ಯ ಕಾಯುವ 21ನೇ ವಿಧಿ ಎಲ್ಲರಿಗೂ ಉಂಟು. ವಿದೇಶಿಯನ್ನು ಹೊರಹಾಕುವ ಕೇಂದ್ರದ ಅಧಿಕಾರಕ್ಕೆ ಮಿತಿಯೇ ಇಲ್ಲವೆಂದು ಸುಪ್ರೀಂ ಕೋರ್ಟ್ 1955ರ ಹಾನ್ಸ್ ಮುಲ್ಲರ್ ಪ್ರಕರಣದಲ್ಲೇ ಹೇಳಿದೆ. ಅವನೂ ಒಬ್ಬ ಜರ್ಮನ್.

1955ರ ಪೌರತ್ವ ಕಾಯ್ದೆ ಅರ್ಜಿದಾರನಿಂದ ಬಯಸುವುದು ಒಳ್ಳೆಯ ನಡತೆ, ಹನ್ನೆರಡು ತಿಂಗಳ ಸತತ ವಾಸ, ಅದಕ್ಕೆ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷ ಇಲ್ಲಿದ್ದಿರುವುದು, ಎಂಟನೇ ಅನುಸೂಚಿಯ ಯಾವುದಾದರೂ ಒಂದು ಭಾಷೆಯ ಸಾಕಷ್ಟು ತಿಳಿವಳಿಕೆ. ಕನ್ನಡವೂ ಆ ಪಟ್ಟಿಯಲ್ಲಿದೆ. ಮೈಸೂರಿನಲ್ಲೋ ಮಂಗಳೂರಿನಲ್ಲೋ ನೆಲೆಸಿದ ವಿದೇಶಿಯೊಬ್ಬರು ಕನ್ನಡ ಕಲಿತು, ಜಿಲ್ಲಾಧಿಕಾರಿ ಕಚೇರಿಯ ಮೂಲಕ ಕೇಂದ್ರ ಗೃಹ ಇಲಾಖೆಗೆ ಅರ್ಜಿ ಕಳಿಸಬಹುದು. ಆದರೆ ಕಾಯ್ದೆಯ 14ನೇ ಕಲಮಿನ ಪ್ರಕಾರ ಆ ಅರ್ಜಿಯನ್ನು ಸರ್ಕಾರ ತನ್ನ ವಿವೇಚನೆಯಂತೆ ತಿರಸ್ಕರಿಸಬಹುದು, ಕಾರಣ ಕೊಡಬೇಕಿಲ್ಲ, ಅದನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ. ಅದೇ ಕಾಯ್ದೆಯ 10ನೇ ಕಲಮಿನಡಿ, ಕೊಟ್ಟ ಪೌರತ್ವವನ್ನು ಕಿತ್ತುಕೊಳ್ಳಬೇಕಾದರೆ ಮಾತ್ರ ಕಾರಣ ಸಮೇತ ಲಿಖಿತ ನೋಟಿಸ್ ಕೊಡಬೇಕು, ಬಹುತೇಕ ಸಂದರ್ಭಗಳಲ್ಲಿ ವಿಚಾರಣಾ ಸಮಿತಿಯ ಮುಂದೆ ಹೋಗುವ ಅವಕಾಶವೂ ಉಂಟು.

ಬ್ರಿಟನ್ನಿನ ಕಾಯ್ದೆಯಲ್ಲೂ ‘ಕಾರಣ ಕೊಡಬೇಕಿಲ್ಲ’ ಎಂದೇ ಇತ್ತು. ಈಜಿಪ್ಟ್ ಮೂಲದ ವ್ಯಾಪಾರಿ ಮೊಹಮದ್ ಅಲ್ ಫಾಯೆದ್‌ಗೆ ಪೌರತ್ವ ನಿರಾಕರಿಸಿದ ಪ್ರಕರಣದಲ್ಲಿ, 1996ರಲ್ಲಿ, ಅಲ್ಲಿನ ಮೇಲ್ಮನವಿ ನ್ಯಾಯಾಲಯ ಒಂದು ದಾರಿ ಕಂಡುಕೊಂಡಿತು. ನಿರಾಕರಿಸಿದ ಮೇಲೆ ಕಾರಣ ಹೇಳಬೇಕಿಲ್ಲ, ಸರಿ. ಆದರೆ ನಿರ್ಧರಿಸುವ ಮೊದಲು ನಿಮ್ಮ ಆತಂಕ ಏನೆಂದು ಅರ್ಜಿದಾರನಿಗೆ ತಿಳಿಸಿ, ಉತ್ತರ ಕೊಡಲು ಅವಕಾಶ ಕೊಡಿ. ಭಾರತದ 14ನೇ ಕಲಮಿಗೂ ಇಷ್ಟಾದರೂ ಸೇರಬೇಕು. ಜುಂಡೆಲ್‌ಗೆ ಕೆನಡಾ ಏಕೆ ಬೇಡವೆಂದಿತು, ಎಲ್ಲಿ ಸರಿಯಿತ್ತು, ಎಲ್ಲಿ ತಪ್ಪಿತು ಎಂದು ಇಷ್ಟು ವಿವರವಾಗಿ ಬರೆಯಲು ಸಾಧ್ಯವಾದದ್ದು ಅಲ್ಲಿ ಕಾರಣಗಳು ದಾಖಲಾಗಿ ಉಳಿದಿರುವುದರಿಂದ. ಇಲ್ಲಿ ಯಾರಿಗಾದರೂ ಪೌರತ್ವ ಸಿಗದಿದ್ದರೆ, ಅದು ಭದ್ರತೆಗಾಗಿಯೋ, ಅವರ ಮಾತು ಹಿಡಿಸದ್ದಕ್ಕೋ, ಗುಮಾಸ್ತರ ತಪ್ಪಿಗೋ ಎಂದು ಕೇಳಿ ತಿಳಿಯುವ ದಾರಿಯನ್ನು ಈ ಕಲಮು ಉಳಿಸಿಲ್ಲ.